ಅಮ್ಮನ ಜಾಗದಲ್ಲಿ ಸ್ಕೂಟರ್

ಮೀಟರಣ್ಣನ ಅಹಂಕಾರವೆಲ್ಲ ಒಂದೇ ಕಡೆ ಸೇರಿಕೊಂಡಿತ್ತು, ಅದು ಅವನ ಕಂಪ್ಯೂಟರಿನಲ್ಲಿ. ಮಿಕ್ಕ ವಿಷಯಗಳಲ್ಲಿ ಅವನಷ್ಟು ಸಾಧು ಮನುಷ್ಯ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ನೀರು ಸರಬರಾಜು ಕಚೇರಿಯ ಪರವಾಗಿ ಮನೆಮನೆಗೆ ಹೋಗಿ ಮೀಟರ್ ಓದಿ ಬರುವುದು ಅವನ ಉದ್ಯೋಗ. ಗೇಟಿನೊಳಗಿಂದ ನಾಯಿ ಬೊಗಳಿದರೆ "ಆಯ್ತಪ್ಪ, ಆಮೇಲೆ ಬರ್ತೀನಿ" ಎಂದು ಅದಕ್ಕೂ ಮರ್ಯಾದೆ ಕೊಟ್ಟು ಹಿಂದೆ ಸರಿಯುವವನು. ಅಂಥವನು ಕಂಪ್ಯೂಟರಿನ ಮಾತು ಬಂದರೆ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತುಬಿಡುತ್ತಿದ್ದ.

ಎಲ್ಲರ ಕಂಪ್ಯೂಟರಿನಲ್ಲಿರುವ ಆಪರೇಟಿಂಗ್ ಸಿಸ್ಟಮ್ ಅವನದರಲ್ಲಿ ಇರಲಿಲ್ಲ. ಬೇರೆಯದೊಂದು ಇತ್ತು. ಅದರ ಹೆಸರು ಬೀದಿಯಲ್ಲಿ ಯಾರ ನಾಲಿಗೆಗೂ ಹತ್ತದ ಕಾರಣ ಎಲ್ಲರೂ ಅದನ್ನು "ಬೇರೆ ಸಿಸ್ಟಮ್" ಎಂದೇ ಕರೆಯುತ್ತಿದ್ದರು.

"ಇದನ್ನ ಬಳಸೋರು ಪ್ರಪಂಚದಲ್ಲೇ ಬೆರಳೆಣಿಕೆ ಜನ" ಎಂದು ಮೀಟರಣ್ಣ ಹೇಳುತ್ತಿದ್ದ.

"ಯಾಕೆ, ಚೆನ್ನಾಗಿಲ್ವಾ?" ಎಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಒಮ್ಮೆ ಮುಗ್ಧವಾಗಿ ಕೇಳಿದ್ದರು. ಆ ಪ್ರಶ್ನೆಗಾಗಿ ಮೀಟರಣ್ಣ ಒಂದು ವಾರ ಅವರ ಜೊತೆ ಮಾತು ಬಿಟ್ಟಿದ್ದ.

ಬೇರೆ ಸಿಸ್ಟಮ್ಮಿನ ಮುಖ್ಯ ಗುಣವೆಂದರೆ ಅದು ತಾನಾಗಿ ಏನನ್ನೂ ಮಾಡುತ್ತಿರಲಿಲ್ಲ. ಬೇರೆಯವರ ಕಂಪ್ಯೂಟರಿಗೆ ಕ್ಯಾಮೆರಾದ ಮೆಮೊರಿ ಕಾರ್ಡ್ ತೂರಿಸಿದರೆ ಅದು ಹಲ್ಲು ಕಿರಿದು ಫೋಟೋಗಳನ್ನೆಲ್ಲ ಎದುರಿಗೆ ಹರಡುತ್ತದೆ. ಇವನದು ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಕಾರ್ಡ್ ಎಲ್ಲಿದೆ, ಅದು ಯಾವ ಜಾತಿಯದು, ಅದನ್ನು ಯಾವ ಫೋಲ್ಡರಿನಲ್ಲಿ ತೆರೆಯಬೇಕು ಎಂದು ಕಪ್ಪು ಪರದೆಯ ಮೇಲೆ ಅಕ್ಷರ ಅಕ್ಷರವಾಗಿ ಟೈಪ್ ಮಾಡಿ ಅಪ್ಪಣೆ ಕೊಡಬೇಕು. ಕಾರ್ಡನ್ನು ಹೊರಗೆ ತೆಗೆಯುವ ಮೊದಲೂ ಇನ್ನೊಂದು ಅಪ್ಪಣೆ. ಈ ಎರಡು ಸಾಲುಗಳನ್ನು ಮೀಟರಣ್ಣ ಎಲ್ಲೋ ಓದಿ ಬಾಯಿಪಾಠ ಮಾಡಿದ್ದ. ಅವುಗಳ ಅರ್ಥವೇನು ಎಂದು ಅವನನ್ನು ಯಾರೂ ಕೇಳಿರಲಿಲ್ಲ, ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ.

"ಹೇಳದೆ ಕೇಳದೆ ಒಳಗೆ ಬರೋದು, ಹೇಳದೆ ಎದ್ದು ಹೋಗೋದು ನಮ್ಮ ಸಿಸ್ಟಮ್‌ನಲ್ಲಿ ಇಲ್ಲ" ಎನ್ನುತ್ತಿದ್ದ.

ಇಂಥ ಶಿಸ್ತಿನ ಮನೆಯಿಂದ ಅವನ ಅಮ್ಮ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಹೊರಟುಹೋದಳು. ಊಟ ಮಾಡಿ ಮಲಗಿದವಳು ಕಾಫಿಯ ಹೊತ್ತಿಗೆ ಏಳಲಿಲ್ಲ. ಮೀಟರಣ್ಣ ಮದುವೆಯಾಗದವನು, ಮನೆಯಲ್ಲಿದ್ದವರು ಅವರಿಬ್ಬರೇ. ಅಮ್ಮ ಹೋದ ಮೇಲೆ ಮನೆ ಎಷ್ಟು ಖಾಲಿಯಾಯಿತೆಂದರೆ ಅವನು ಕೆಲಸದಿಂದ ಬಂದು ಬಾಗಿಲು ತೆಗೆದು, ಯಾರೂ "ಬಂದ್ಯಾ" ಅನ್ನದಿದ್ದಾಗ, ಮತ್ತೆ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದ.

ಆಮೇಲೆ ಫೋಟೋದ ಪ್ರಶ್ನೆ ಬಂತು. ಗೋಡೆಗೆ ಹಾಕಲು ಅಮ್ಮನದೊಂದು ಫೋಟೋ ಬೇಕಲ್ಲ ಎಂದು ಗಂಡನ ಮನೆಯಿಂದ ಬಂದಿದ್ದ ಅಕ್ಕ ಹುಡುಕಲು ಕುಳಿತರೆ ಒಂದೂ ಸಿಗಲಿಲ್ಲ. ಕ್ಯಾಮೆರಾ ಕಂಡರೆ ಅಮ್ಮ ಅಡುಗೆಮನೆಗೆ ಓಡುತ್ತಿದ್ದಳು. "ಈ ಮುಖದ ಫೋಟೋ ಯಾವ ಪುರುಷಾರ್ಥಕ್ಕೆ" ಎನ್ನುವುದು ಅವಳ ಮಾತು. ಇದ್ದದ್ದು ಗುರುತಿನ ಚೀಟಿಯ ಫೋಟೋ ಒಂದೇ. ಅದರಲ್ಲಿ ಅವಳು ಏನನ್ನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು.

"ನನ್ನ ಹತ್ರ ಇದೆ ಅಕ್ಕ" ಎಂದ ಮೀಟರಣ್ಣ. "ಹೋದ ವರ್ಷ ಆಫೀಸ್ ಕ್ಯಾಮೆರಾದಲ್ಲಿ ತೆಗೆದಿದ್ದೆ. ಕಂಪ್ಯೂಟರಿಗೆ ಹಾಕಿಟ್ಟಿದ್ದೀನಿ."

ಅದು ನಿಜ. ಮೀಟರುಗಳ ಫೋಟೋ ತೆಗೆಯಲು ಕಚೇರಿ ಕೊಟ್ಟಿದ್ದ ಕ್ಯಾಮೆರಾದಲ್ಲಿ ಅವನು ಅಮ್ಮನನ್ನು ಹೇಗೋ ಹಿಡಿದಿದ್ದ. ಕಚೇರಿಗೆ ಕಾರ್ಡ್ ಖಾಲಿ ಮಾಡಿ ಕೊಡಬೇಕಾಗಿದ್ದರಿಂದ ಫೋಟೋಗಳನ್ನು "ಅಮ್ಮ" ಎಂಬ ಫೋಲ್ಡರಿಗೆ ಇಳಿಸಿ, ಕಾರ್ಡನ್ನು ಒರೆಸಿ ಹಾಕಿದ್ದ. ಕ್ಯಾಮೆರಾದ ಪರದೆ ಒಡೆದಿದ್ದ ಕಾರಣ ತೆಗೆದಾಗ ನೋಡಿರಲಿಲ್ಲ. ಇಳಿಸಿದ ಮೇಲೆ ನೋಡಿದರಾಯಿತು ಎಂದು ಮರೆತ. ಅಮ್ಮ ಹೋದ ಮೇಲೆ ನೋಡಲು ಧೈರ್ಯವಾಗಲಿಲ್ಲ.

ಭಾನುವಾರ ಅಕ್ಕ ಭಾವ ಇಬ್ಬರೂ ಬಂದರು. ಭಾವ ಹೊಸ ಸ್ಕೂಟರಿನಲ್ಲಿ ಬಂದಿದ್ದ. ಬೇರೆ ಸಿಸ್ಟಮ್ಮಿನ ಬಗ್ಗೆ ಭಾವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವನು ಜೇಬಿನಿಂದ ತನ್ನ ಕ್ಯಾಮೆರಾದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟ.

"ಮೊದಲು ಇದನ್ನ ಓದುತ್ತಾ ನಿನ್ನ ಮಷೀನು, ನೋಡೋಣ."

ಸಾಧು ಮನುಷ್ಯನ ಬೆನ್ನು ನೆಟ್ಟಗಾಯಿತು. ಕಾರ್ಡನ್ನು ತೂರಿಸಿದ, ಬೆರಳು ಮುರಿದುಕೊಂಡ, ಬಾಯಿಪಾಠದ ಸಾಲನ್ನು ಪಟಪಟನೆ ಟೈಪ್ ಮಾಡಿದ. ಫೋಲ್ಡರಿನ ಹೆಸರು ಬರೆಯುವ ಜಾಗ ಬಂದಾಗ, ಬೆಳಗ್ಗೆಯಿಂದ ಮನಸ್ಸಿನಲ್ಲಿ ಯಾವ ಹೆಸರಿತ್ತೋ ಅದನ್ನೇ ಬೆರಳುಗಳು ಬರೆದವು. ಅಪ್ಪಣೆ ಸ್ವೀಕಾರವಾಯಿತು. "ಕಾರ್ಡ್ ಓದ್ತು, ಈಗ ಅಮ್ಮನ್ನ ನೋಡೋಣ" ಎಂದು ಮೀಟರಣ್ಣ ಗಂಭೀರವಾಗಿ ಅಮ್ಮನ ಫೋಲ್ಡರ್ ತೆರೆದ.

ಪರದೆಯ ತುಂಬ ಒಂದು ಸ್ಕೂಟರ್ ಬಂತು.

ಮುಂದಿನದು ಒತ್ತಿದ. ಸ್ಕೂಟರ್, ಎಡಭಾಗದಿಂದ. ಮತ್ತೆ ಒತ್ತಿದ. ನಂಬರ್ ಪ್ಲೇಟ್. ಆಮೇಲೆ ಸೀಟು, ಸೀಟಿನ ಮೇಲೆ ಕೈ ಇಟ್ಟು ಎದೆ ಉಬ್ಬಿಸಿ ನಿಂತ ಭಾವ, ಕಣ್ಣು ಮುಚ್ಚಿದ ಭಾವ, ಅದೇ ಭಂಗಿಯಲ್ಲಿ ಕಣ್ಣು ಬಿಟ್ಟ ಭಾವ. ಅಲ್ಲಿಗೆ ಫೋಲ್ಡರ್ ಮುಗಿಯಿತು.

"ಅಮ್ಮ ಎಲ್ಲೋ?" ಎಂದಳು ಅಕ್ಕ.

ಮೀಟರಣ್ಣ ಮತ್ತೆ ಮೊದಲಿನಿಂದ ನೋಡಿದ. ಅಮ್ಮ ಇರಬೇಕಾದ ಜಾಗದಲ್ಲೆಲ್ಲ ಸ್ಕೂಟರ್ ಇತ್ತು.

"ನಿಮ್ಮ ಸ್ಕೂಟರ್ ಅಮ್ಮನ ಮೇಲೆ ಬಂದು ಕೂತಿದೆ ಭಾವ" ಎಂದ. "ಅಮ್ಮ ಅಳಿಸಿಹೋದ್ಲು."

ಭಾವ ಬೆಪ್ಪಾದ. "ನಾನು ಬರೀ ಕಾರ್ಡ್ ಕೊಟ್ಟೆನಪ್ಪ" ಎಂದ. ಆದರೆ ಅಕ್ಕ ಅವನ ಕಡೆ ತಿರುಗಿ ನೋಡಿದ ನೋಟದಲ್ಲಿ ಆ ಮಾತಿಗೆ ಜಾಗವಿರಲಿಲ್ಲ.

ಕಂಪ್ಯೂಟರ್ ರಿಪೇರಿ ಅಂಗಡಿಯವನನ್ನು ಕರೆಸಿದರು. ಅವನು ಕಪ್ಪು ಪರದೆಯನ್ನೂ ಅದರ ಮೇಲಿನ ಬಿಳಿ ಅಕ್ಷರಗಳನ್ನೂ ನೋಡಿ ಎರಡು ಹೆಜ್ಜೆ ಹಿಂದಕ್ಕೆ ಹೋದ. ಎರಡು ಕೈಗಳನ್ನೂ ಜೇಬಿಗೆ ಹಾಕಿಕೊಂಡ, ಎಲ್ಲಿ ಅವು ತಪ್ಪಿ ಏನನ್ನಾದರೂ ಮುಟ್ಟಿಬಿಡುತ್ತವೋ ಎಂಬಂತೆ.

"ಇಂಥದ್ದನ್ನ ನಾನು ನೋಡೇ ಇಲ್ಲ ಸಾರ್. ಆದ್ರೆ ಒಂದು ಮಾತು. ಅಳಿಸಿಹೋಗಿರೋ ಫೋಟೋ ಒಳಗೆಲ್ಲೋ ಇದ್ದೇ ಇರುತ್ತೆ. ಮುಟ್ಟಿದಷ್ಟೂ ಹಾಳಾಗುತ್ತೆ. ಆಫ್ ಮಾಡಬೇಡಿ, ಕಾರ್ಡ್ ಎಳೀಬೇಡಿ, ಏನೂ ಒತ್ತಬೇಡಿ. ಹೇಗಿದೆಯೋ ಹಾಗೇ ಇರಲಿ. ಇದು ಗೊತ್ತಿರೋರು ಯಾರಾದ್ರೂ ಸಿಕ್ತಾರಾ ಅಂತ ವಿಚಾರಿಸ್ತೀನಿ."

ಗೊತ್ತಿರುವವರು ಪ್ರಪಂಚದಲ್ಲಿ ಬೆರಳೆಣಿಕೆ ಎಂಬುದನ್ನು ಮೀಟರಣ್ಣನೇ ಊರಿಗೆಲ್ಲ ಸಾರಿದ್ದ. ಈಗ ಅದನ್ನು ನೆನೆದು ಅವನಿಗೆ ಯಾವ ಹೆಮ್ಮೆಯೂ ಆಗಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಕಂಪ್ಯೂಟರ್ ಹಾಸಿಗೆ ಹಿಡಿದ ರೋಗಿಯಾಯಿತು. ಅಕ್ಕ ತನ್ನ ಮನೆಗೆ ಹೋಗದೆ ಅಲ್ಲೇ ಉಳಿದಳು. ಪರದೆಯ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಹೊದಿಸಿದಳು. ಆ ಕೋಣೆಯಲ್ಲಿ ಜೋರಾಗಿ ಮಾತಾಡುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ. ಧೂಳು ಎದ್ದೀತೆಂದು ಕಸ ಗುಡಿಸುವುದನ್ನೂ ನಿಲ್ಲಿಸಿದರು. ಸುದ್ದಿ ತಿಳಿದ ನೆಂಟರು ಒಬ್ಬೊಬ್ಬರಾಗಿ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತು, ಒಳಗೆ ತಿರುಗುತ್ತಿದ್ದ ಫ್ಯಾನಿನ ಸದ್ದನ್ನು ಕೇಳಿ, "ಉಸಿರಾಟ ಚೆನ್ನಾಗಿದೆ" ಎಂದು ಸಮಾಧಾನ ಹೇಳಿ ಎದ್ದು ಹೋಗುತ್ತಿದ್ದರು.

ಯಾರೂ ನೋಡದ ಆ ಫೋಟೋ ದಿನೇ ದಿನೇ ಚೆನ್ನಾಗುತ್ತ ಹೋಯಿತು. "ನಗ್ತಿದ್ಲಂತೆ" ಎಂದಳು ಚಿಕ್ಕಮ್ಮ, ಅಮ್ಮನ ಕೊನೆಯ ತಂಗಿ. "ಅದೂ ಹಲ್ಲು ಕಾಣೋ ಹಾಗೆ. ನಮ್ಮಕ್ಕ ಹಾಗೆ ನಕ್ಕಿದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ, ನಿಮ್ಮ ಸ್ಕೂಟರಿಂದ ಅದೂ ಹೋಯ್ತು." ಮೇಷ್ಟ್ರು ಕಣ್ಣು ಅರೆಮುಚ್ಚಿ "ನಾನು ಆ ಫೋಟೋ ನೋಡಿದ್ದೆ, ಹಿಂದೆ ಬಿಸಿಲು ಬಿದ್ದಿತ್ತು" ಎಂದರು. ಅವರು ನೋಡಿರಲಿಲ್ಲ. ಮೀಟರಣ್ಣ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅಮ್ಮನ ಬಗ್ಗೆ ಒಳ್ಳೆಯ ಮಾತಾಡುವವರ ಬಾಯಿ ಮುಚ್ಚಿಸಲು ಅವನಿಗೆ ಮನಸ್ಸು ಬರಲಿಲ್ಲ.

ಎಲ್ಲರಿಗಿಂತ ಪಾಡು ಪಟ್ಟವನು ಭಾವ. ಅತ್ತೆಯ ಮೇಲೆ ಗಾಡಿ ಹತ್ತಿಸಿದವನನ್ನು ನೋಡುವ ಹಾಗೆ ನೆಂಟರು ಅವನನ್ನು ನೋಡುತ್ತಿದ್ದರು. ಕಾಫಿ ಲೋಟ ಅವನ ತನಕ ಬರುವಷ್ಟರಲ್ಲಿ ತಟ್ಟೆ ಖಾಲಿಯಾಗುತ್ತಿತ್ತು. ಅವನು ಸ್ಕೂಟರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಬರತೊಡಗಿದ.

ಆ ವಾರ ಕರೆಂಟು ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ. ಅದು ನಮ್ಮ ಪುಣ್ಯ ಎಂದು ಅಕ್ಕ ಹೇಳುತ್ತಿದ್ದಳು. ಆದರೆ ಗುರುವಾರ ಲೈನ್‌ಮ್ಯಾನ್ ಬಂದು ಬೀದಿಯ ತಂತಿ ಹಳೆಯದಾಗಿದೆ, ನಾಳೆ ಬದಲಾಯಿಸುತ್ತೇವೆ, ಕರೆಂಟು ಇರುವುದಿಲ್ಲ ಎಂದು ಸಾರಿ ಹೋದ. ಮನೆಯಲ್ಲಿ ಬ್ಯಾಟರಿ ಇರಲಿಲ್ಲ. ಮೀಟರಣ್ಣ ಮೇಷ್ಟ್ರನ್ನು ಕರೆದುಕೊಂಡು ವಿದ್ಯುತ್ ಕಚೇರಿಗೆ ಓಡಿದ.

ಕಚೇರಿಯ ಸಾಹೇಬರು ದಪ್ಪ ಕನ್ನಡಕದ, ಮಿತವಾಗಿ ಮಾತಾಡುವ ಮನುಷ್ಯ. ತಲೆ ಎತ್ತದೆ "ಹೇಳಿ" ಎಂದರು.

"ಸಾರ್, ನಮ್ಮ ಬೀದೀಲಿ ಕರೆಂಟ್ ತೆಗೀಬಾರದು ಸಾರ್."

"ಯಾಕೆ?"

"ಅದು ಸಾರ್, ನಮ್ಮ ಮನೇಲಿರೋದು ಬೇರೆ ಸಿಸ್ಟಮ್ಮು..."

ಮೇಷ್ಟ್ರು ಅವನ ಕಾಲು ತುಳಿದರು. ಇಡೀ ಆಯುಷ್ಯ ಮಕ್ಕಳಿಗೆ ಸತ್ಯ ಹೇಳಿಕೊಟ್ಟ ಮನುಷ್ಯ ಒಂದು ಹೆಜ್ಜೆ ಮುಂದೆ ಬಂದು ಸ್ಪಷ್ಟವಾದ ದನಿಯಲ್ಲಿ ಹೇಳಿದರು: "ಇವರ ತಾಯಿ ಸಾರ್. ತುಂಬ ಸೀರಿಯಸ್ಸು. ಮಷೀನ್ ಹಾಕಿದೆ. ಕರೆಂಟ್ ಹೋದ್ರೆ ಪ್ರಾಣ ಹೋಗುತ್ತೆ."

ಸಾಹೇಬರು ಕನ್ನಡಕ ತೆಗೆದರು. "ಆಸ್ಪತ್ರೆಗೆ ಸೇರಿಸಬಾರದಿತ್ತಾ?"

"ಅಲುಗಾಡಿಸಬೇಡಿ ಅಂದಿದ್ದಾರೆ ಸಾರ್."

ಸಾಹೇಬರು ಮೀಟರಣ್ಣನ ಕಡೆ ತಿರುಗಿದರು. "ಮಾತಾಡ್ತಾರಾ?"

ಮೀಟರಣ್ಣ "ಇಲ್ಲ ಸಾರ್" ಎಂದ. ಅಂದು ಆ ಕೋಣೆಯಲ್ಲಿ ಅಮ್ಮನ ಬಗ್ಗೆ ಆಡಿದ ಮಾತುಗಳಲ್ಲಿ ಅದೊಂದೇ ನಿಜವಾಗಿತ್ತು. ಅವನ ಕಣ್ಣಿನಿಂದ ನೀರು ಇಳಿಯಿತು. ಮೇಷ್ಟ್ರೇ ಒಂದು ಕ್ಷಣ ತಮ್ಮ ಮಾತನ್ನು ತಾವೇ ನಂಬಿಬಿಟ್ಟರು.

"ನಮ್ಮ ತಾಯೀನೂ ಹೀಗೇ ಮಲಗಿದ್ರು" ಎಂದರು ಸಾಹೇಬರು. "ಹೋಗಿ, ನೋಡ್ಕೊಳಿ. ಅವರು ಗುಣ ಆಗೋವರೆಗೂ ನಿಮ್ಮ ಬೀದಿ ತಂತಿ ಯಾರೂ ಮುಟ್ಟಲ್ಲ."

ಹೊರಗೆ ಬಂದ ಮೇಲೆ ಮೇಷ್ಟ್ರು ಗೆದ್ದವರ ಹಾಗೆ ಕೈ ಉಜ್ಜಿಕೊಂಡರು. ಮೀಟರಣ್ಣ ಕಾಂಪೌಂಡಿನ ಗೋಡೆ ಹಿಡಿದು ನಿಂತುಬಿಟ್ಟಿದ್ದ. ಗುಣ ಆಗೋವರೆಗೂ ಎಂದು ಅಮ್ಮನ ಬಗ್ಗೆ ಯಾರಾದರೂ ಇನ್ನು ಹೇಳಿಯಾರೆಂದು ಅವನು ಅಂದುಕೊಂಡಿರಲಿಲ್ಲ.

ಒಳ್ಳೆಯ ಮನುಷ್ಯರಿಂದ ಬರುವ ತೊಂದರೆಯೇ ಬೇರೆ. ಕೆಟ್ಟ ಅಧಿಕಾರಿಯಾಗಿದ್ದರೆ ಆ ವಿಷಯವನ್ನು ಅಂದೇ ಮರೆತು ಸುಮ್ಮನಾಗುತ್ತಿದ್ದರು. ಈ ಸಾಹೇಬರು ಮರೆಯಲಿಲ್ಲ. ಶನಿವಾರ ಬೆಳಗ್ಗೆ ಕಿತ್ತಳೆ ಹಣ್ಣಿನ ಚೀಲ ಹಿಡಿದುಕೊಂಡು, ವಿಳಾಸ ವಿಚಾರಿಸುತ್ತ, ರೋಗಿಯನ್ನು ನೋಡಲು ತಾವೇ ಮನೆಗೆ ಬಂದರು.

ಒಳಗೆ ಅಕ್ಕ, ಭಾವ, ಚಿಕ್ಕಮ್ಮ ಮತ್ತು ಮೇಷ್ಟ್ರು ಕುಳಿತಿದ್ದರು. ಮೇಷ್ಟ್ರು ಬಂದವರ ಮುಖ ನೋಡಿದ್ದೇ ಎದ್ದು ಹಿಂಬಾಗಿಲಿನಿಂದ ಹೊರಗೆ ಹೋಗಿ ಒಣಹಾಕಿದ ಬಟ್ಟೆಗಳ ಮರೆಗೆ ಸೇರಿದರು. ಬಾಗಿಲು ತೆಗೆದಿದ್ದ ಮೀಟರಣ್ಣ ಚಿಲಕ ಹಿಡಿದೇ ನಿಂತ.

"ಕರೆಂಟ್ ಆಫೀಸಿಂದ ಬಂದಿದ್ದೀನಿ. ತಾಯಿ ಹೇಗಿದ್ದಾರೆ?" ಎಂದು ಸಾಹೇಬರು ಮೆಲ್ಲನೆ ಕೇಳಿದರು.

ಅಕ್ಕನಿಗೆ ವಿದ್ಯುತ್ ಕಚೇರಿಯ ಸುಳ್ಳು ಗೊತ್ತಿರಲಿಲ್ಲ. ಮಷೀನಿಗೆ ಕರೆಂಟು ಉಳಿಸಿಕೊಟ್ಟ ಪುಣ್ಯಾತ್ಮರು ಎಂದು ತಿಳಿದು ಕೈ ಮುಗಿದಳು. "ಹಾಗೇ ಇದ್ದಾಳೆ ಸಾರ್. ಬನ್ನಿ, ಸದ್ದು ಮಾಡಬೇಡಿ" ಎಂದು ಕರೆದುಕೊಂಡು ಹೋಗಿ ಬಿಳಿ ಬಟ್ಟೆಯನ್ನು ನಿಧಾನವಾಗಿ ಸರಿಸಿದಳು.

ಸಾಹೇಬರು ನೋಡಿದರು. ಪರದೆಯ ಮೇಲೆ ಸೀಟಿಗೆ ಕೈ ಇಟ್ಟುಕೊಂಡು ಭಾವ ನಿಂತಿದ್ದ.

"ಸದ್ಯಕ್ಕೆ ಸ್ಕೂಟರ್ ಮಾತ್ರ ಕಾಣಿಸ್ತಿದೆ ಸಾರ್" ಎಂದಳು ಅಕ್ಕ. "ಅಮ್ಮ ಒಳಗೆಲ್ಲೋ ಇದ್ದಾಳೆ ಅಂತ ನಮ್ಮ ನಂಬಿಕೆ."

ಸಾಹೇಬರು ಪರದೆಯನ್ನು ನೋಡಿದರು, ಕುರ್ಚಿಯಲ್ಲಿ ಕುಳಿತಿದ್ದ ಭಾವನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. ಭಾವ ಎದ್ದು ನಮಸ್ಕಾರ ಮಾಡಿದ. ಸಾಹೇಬರು ಮೀಟರಣ್ಣನ ಕಡೆ ತಿರುಗಿದರು.

"ನಿಮ್ಮ ತಾಯಿ ಎಲ್ಲಿದ್ದಾರೆ?"

"ತೀರ್ಕೊಂಡ್ರು ಸಾರ್" ಎಂದ ಮೀಟರಣ್ಣ. "ಹೋದ ತಿಂಗಳು."

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಫೋನ್ ತೆಗೆದು, "ಆ ಬೀದಿ ಕೆಲಸ ಶುರು ಮಾಡ್ರಪ್ಪ. ಹೌದು, ಈಗಲೇ" ಎಂದರು. ಮೇಜಿನ ಮೇಲಿಟ್ಟಿದ್ದ ಕಿತ್ತಳೆ ಹಣ್ಣಿನ ಚೀಲವನ್ನು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲು ಇಳಿದು ಹೋದರು.

"ಸಾರ್, ಒಂದು ನಿಮಿಷ ಸಾರ್" ಎಂದು ಮೀಟರಣ್ಣ ಗೇಟಿನ ತನಕ ಹಿಂದೆ ಓಡಿದ. ಅವನು ಗೇಟು ಮುಟ್ಟುವ ಹೊತ್ತಿಗೆ ಬೀದಿಯಲ್ಲಿ ಯಾರದೋ ಮನೆಯ ರೇಡಿಯೋ ಅರ್ಧ ಮಾತಿನಲ್ಲಿ ನಿಂತುಹೋಯಿತು.

ಒಳಗೆ ಬಂದು ನೋಡಿದರೆ ಎಲ್ಲರೂ ಎದ್ದು ನಿಂತಿದ್ದರು. ಪರದೆ ಕಪ್ಪಾಗಿತ್ತು. ಫ್ಯಾನಿನ ಸದ್ದು ಇರಲಿಲ್ಲ.

"ಹೋದ್ಲು" ಎಂದಳು ಅಕ್ಕ.

ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತಳು. ಭಾವ ತಲೆ ತಗ್ಗಿಸಿ ನಿಂತ. ಬಟ್ಟೆಗಳ ಮರೆಯಿಂದ ಬಂದ ಮೇಷ್ಟ್ರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಮ್ಮ ಹೋದ ದಿನ ಮೀಟರಣ್ಣ ಅತ್ತಿರಲಿಲ್ಲ, ಓಡಾಟದ ಕೆಲಸಗಳಿದ್ದವು. ಇವತ್ತು ಮಾಡಲು ಒಂದು ಕೆಲಸವೂ ಇರಲಿಲ್ಲ. ಅವನು ಕಂಪ್ಯೂಟರಿನ ಎದುರು ಕುಳಿತು ಮನಸಾರೆ ಅತ್ತ.

"ಎಲ್ಲಾ ನನ್ನಿಂದಲೇ ಅಕ್ಕ" ಎಂದ. "ಭಾವನದೇನೂ ತಪ್ಪಿಲ್ಲ. ಎಲ್ಲರ ಹಾಗೆ ಒಂದು ಕಂಪ್ಯೂಟರ್ ಇಟ್ಕೊಂಡಿದ್ರೆ ಅಮ್ಮನ ಮುಖ ಇರ್ತಿತ್ತು."

ಅಕ್ಕ ಅವನ ತಲೆಯ ಮೇಲೆ ಕೈ ಇಟ್ಟಳು, ಆಮೇಲೆ ಅದನ್ನು ತೆಗೆಯಲು ಮರೆತಳು.

ತಂತಿ ಬದಲಾಯಿಸಿ ಮುಗಿಯುವಾಗ ಮಧ್ಯಾಹ್ನ ಇಳಿದಿತ್ತು. ಕರೆಂಟು ಬಂತು. ಸ್ವಿಚ್ ಹಾಕಿದ್ದ ಹಾಗೆಯೇ ಇದ್ದುದರಿಂದ ಕಂಪ್ಯೂಟರ್ ತಾನೇ ಎದ್ದಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಹರಿದು ಹೋಗಿ ನಿಂತವು. ಮೀಟರಣ್ಣ ಯಾವ ಆಸೆಯೂ ಇಲ್ಲದೆ, ಬರೀ ಕೈಯ ಅಭ್ಯಾಸದಿಂದ, ಅಮ್ಮ ಎಂಬ ಫೋಲ್ಡರನ್ನು ತೆರೆದ. ಭಾವನ ಕಾರ್ಡನ್ನು ತೆರೆಯುವ ಅಪ್ಪಣೆಯನ್ನು ಈ ಸಲ ಅವನು ಕೊಟ್ಟಿರಲಿಲ್ಲ.

ಪರದೆಯ ಮೇಲೆ ಅವರ ಅಡುಗೆಮನೆಯ ನಲ್ಲಿ ಬಂತು.

ಆ ಸಿಸ್ಟಮ್ಮಿನ ಸ್ವಭಾವವೇ ಹಾಗೆ. ಕಾರ್ಡನ್ನು ಇಂಥ ಫೋಲ್ಡರಿನಲ್ಲಿ ತೆರೆ ಎಂದರೆ ಅಲ್ಲೇ ತೆರೆಯುತ್ತದೆ, ಅಲ್ಲಿ ಮೊದಲೇ ಏನಿದೆ ಎಂದು ಕೇಳುವುದಿಲ್ಲ. ಆದರೆ ಇದ್ದದ್ದನ್ನು ಅಳಿಸುವುದೂ ಇಲ್ಲ. ತುಂಬಿದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಇಟ್ಟ ಹಾಗೆ ಮುಚ್ಚಿಡುತ್ತದೆ, ಅಷ್ಟೆ. ಕಾರ್ಡನ್ನು ಬಿಡಿಸಿದ್ದರೆ ಅಥವಾ ಕಂಪ್ಯೂಟರನ್ನು ಒಮ್ಮೆ ಆಫ್ ಮಾಡಿದ್ದರೆ ಭಾನುವಾರವೇ ಎಲ್ಲ ಕಾಣುತ್ತಿತ್ತು. ಬಂಧು ಬಳಗವೆಲ್ಲ ಸೇರಿ ಇಡೀ ವಾರ ಉಸಿರು ಬಿಗಿಹಿಡಿದು ಕಾಪಾಡಿದ್ದು ಆ ಮೇಲಿನ ತಟ್ಟೆಯನ್ನು.

"ಇದು ನಲ್ಲಿ ಅಲ್ವೇನೋ?" ಎಂದಳು ಅಕ್ಕ.

"ಹೂಂ" ಎಂದ ಮೀಟರಣ್ಣ. "ಫೋಟೋ ಅಂದ್ರೆ ಅಮ್ಮ ನಿಲ್ತಾ ಇರಲಿಲ್ಲ ಅಕ್ಕ. ಅದಕ್ಕೆ ಸುಳ್ಳು ಹೇಳಿದೆ. ಸೋರೋ ನಲ್ಲಿ ಫೋಟೋ ತರೋಕೆ ಆಫೀಸಲ್ಲಿ ಹೇಳಿದ್ದಾರೆ, ಸ್ವಲ್ಪ ಅದರ ಪಕ್ಕ ನಿಂತ್ಕೋ ಅಂದೆ."

ಮುಂದಿನದು ಒತ್ತಿದ. ಅದರಲ್ಲೂ ನಲ್ಲಿ, ಪಕ್ಕದಲ್ಲಿ ಅಮ್ಮನ ಮೊಣಕೈ. ಮಗನ ಕಚೇರಿಯ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಅವಳು ಪಕ್ಕಕ್ಕೆ ಸರಿದಿದ್ದಳು. ಮುಂದಿನದರಲ್ಲಿ ಒಂದು ಬೆರಳು, ಎಲ್ಲಿ ಸೋರುತ್ತಿದೆ ಎಂದು ಸರಿಯಾಗಿ ತೋರಿಸುತ್ತಿತ್ತು. ಅದರ ಮುಂದಿನದರಲ್ಲಿ ಅಮ್ಮ ಕ್ಯಾಮೆರಾಕ್ಕೆ ಬೆನ್ನು ಹಾಕಿ, ಫೋಟೋದಲ್ಲಿ ಚೆನ್ನಾಗಿ ಬರಲೆಂದು ನಲ್ಲಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಚಿಕ್ಕಮ್ಮ ಅಳುತ್ತಿದ್ದವಳು ಕಿಸಕ್ಕೆಂದು ನಕ್ಕಳು.

ಇನ್ನೊಂದೇ ಉಳಿದಿತ್ತು. ಮೀಟರಣ್ಣ ಒತ್ತಿದ.

ಅಮ್ಮ ತಿರುಗಿದ್ದಳು. ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಮುಖ ಪೂರ್ತಿಯಾಗಿ, ನೇರವಾಗಿ, ಕ್ಯಾಮೆರಾದ ಹಿಂದಿದ್ದ ಮಗನ ಕಡೆ. ಅವಳು ನಗುತ್ತಿರಲಿಲ್ಲ, ಹಿಂದೆ ಬಿಸಿಲೂ ಬಿದ್ದಿರಲಿಲ್ಲ. ಹುಬ್ಬು ಸ್ವಲ್ಪ ಮೇಲೆ ಏರಿತ್ತು, ಬಾಯಿ ಅರ್ಧ ತೆರೆದಿತ್ತು.

"ಏನೋ ಹೇಳ್ತಿದ್ದಾಳೆ" ಎಂದಳು ಅಕ್ಕ. "ಏನಂದ್ಲು?"

"'ಚೆನ್ನಾಗಿ ಬಂತೇನೋ' ಅಂದ್ಲು. ನಲ್ಲಿ."

"ನೀನೇನಂದೆ?"

"ಬಂತಮ್ಮ ಅಂದೆ."

ಅಕ್ಕ ಕಣ್ಣು ಒರೆಸಿಕೊಂಡಳು. ಭಾವ ಗಂಟಲು ಸರಿಮಾಡಿಕೊಂಡ. ವಾರದ ನಂತರ ಮೊದಲ ಸಲ ಮಾತಾಡುವ ಹಕ್ಕು ಅವನಿಗೆ ಮರಳಿ ಬಂದಿತ್ತು, ಅದನ್ನು ಅವನು ಎಚ್ಚರಿಕೆಯಿಂದ ಬಳಸಿದ.

"ಒಳ್ಳೇ ಫೋಟೋ. ಸ್ಟುಡಿಯೋದವನಿಗೆ ಹೇಳಿ ಪಕ್ಕದಲ್ಲಿರೋ ಆ ನಲ್ಲೀನ ತೆಗೆಸಿಬಿಡೋಣ. ಮುಖ ಮಾತ್ರ ದೊಡ್ಡದಾಗಿ ಹಾಕಿಸಿದ್ರೆ ಗೋಡೆ ಮೇಲೆ ಲಕ್ಷಣವಾಗಿರುತ್ತೆ."

"ಬೇಡ" ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ನಲ್ಲಿ ತೆಗೆದ್ರೆ ಅಮ್ಮ ಅಲ್ಲಿ ನಿಲ್ಲಲ್ಲ."